‘ಹೈಡೆಡ್’ ಮಾಡಿದ ಫಜೀತಿ

ಇಂಗ್ಲಿಷಿನ ಭೂತಕಾಲ ಕಂಡರೆ ನನಗೆ ಇಂದಿಗೂ ಭೂತ ಕಂಡಂತಾಗುತ್ತದೆ. ‘ವಾಕ್’ಗೆ ‘ವಾಕ್ಡ್’ ಎಂದು ಕಲಿಸಿ ಧೈರ್ಯ ತುಂಬುವ ಭಾಷೆ, ‘ಗೋ’ ಬಂದ ಕೂಡಲೇ ‘ವೆಂಟ್’ ಎಂದು ಕೈಬಿಡುತ್ತದೆ. ‘ಪುಟ್’ ಮಾತ್ರ ನಿನ್ನೆಯೂ ಪುಟ್, ಇವತ್ತೂ ಪುಟ್. ಯಾವ ಸರಕಾರ ಬಂದರೂ ಕುರ್ಚಿ ಬಿಡದ ಗುಮಾಸ್ತನ ಹಾಗೆ. ನಿಜಾಮ ರಾಜ್ಯದ ನಮ್ಮ ಶಾಲೆಯಲ್ಲಿ ಗಣಿತವೂ ಉರ್ದು, ಭೂಗೋಳವೂ ಉರ್ದು. ಮನೆಯಲ್ಲಿ ಕನ್ನಡ. ಇಂಗ್ಲಿಷ್ ಆಗೀಗ ಬಂದುಹೋಗುವ ನೆಂಟ. ಆದರೂ ಕಮಲಾಪುರದ ನಮ್ಮ ಓಣಿಯಲ್ಲಿ ಇಂಗ್ಲಿಷ್ ಬಲ್ಲವನೆಂದರೆ ನಾನೇ. ಹದಿನೇಳರ ವಯಸ್ಸು, ಹೊಗಳಿಕೆ ಬೇಡವೆನ್ನುವ ವಯಸ್ಸಲ್ಲ.

ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಗಲಭೆಯ ದಿನಗಳಲ್ಲಿ ನೆರೆಮನೆಯ ದರ್ಜಿ ಖಾಸಿಂ ಸಾಬರು ನನ್ನನ್ನೂ ಅವ್ವನನ್ನೂ ತಮ್ಮ ಮನೆಯ ಜೋಳದ ಕೋಣೆಯಲ್ಲಿ ಎಂಟು ದಿನ ಬಚ್ಚಿಟ್ಟಿದ್ದರು. ನಿಜಾಮನ ಕಡೆಯ ಬಂದೂಕಿನವರು ಬಂದು ಕೇಳಿದಾಗ, ತಾಯಿ ಮಗ ಊರು ಬಿಟ್ಟು ಹೋದರೆಂದು ಹೊಲಿಗೆ ಯಂತ್ರ ತುಳಿಯುತ್ತಲೇ ಸುಳ್ಳು ಹೇಳಿದ್ದರು. ಕಾಲ ತಿರುಗಿತು. ನಿಜಾಮನ ಆಳಿಕೆ ಹೋಗಿ ಭಾರತದ ಸೈನ್ಯ ಬಂತು. ಆ ಬಂದೂಕಿನವರ ಜೊತೆಗಿದ್ದರೆಂದು ಯಾರೋ ಕೊಟ್ಟ ದೂರಿನ ಮೇಲೆ ಖಾಸಿಂ ಸಾಬರನ್ನೇ ಹಿಡಿದು ಕಲಬುರಗಿಗೆ ಒಯ್ದರು.

“ಅರ್ಜಿ ಬರಿಯೋ ತಮ್ಮಾ. ಅಲ್ಲಿ ಸಾಹೇಬ್ರಿಗಿ ಕನ್ನಡಾನೂ ಬರಂಗಿಲ್ಲಂತ, ಉರ್ದುನೂ ಬರಂಗಿಲ್ಲಂತ” ಎಂದಳು ಅವ್ವ.

ಬರೆದೆ. ‘ಹೈಡ್’ ಎಂದರೆ ಬಚ್ಚಿಡು ಎಂದು ಗೊತ್ತಿತ್ತು. ಅದಕ್ಕೊಂದು ಬಾಲ ಅಂಟಿಸಿ, ಎಂಟು ದಿನ ‘ಹೀ ಹೈಡೆಡ್ ಅಸ್’ ಎಂದು ದುಂಡಗೆ ಬರೆದು, ಅವ್ವನ ಜೊತೆ ಕಲಬುರಗಿಗೆ ಹೊರಟೆ.

ಮದರಾಸಿನ ಕಡೆಯ ಅಧಿಕಾರಿ ಓದಿದರು, ಹುಬ್ಬೇರಿಸಿದರು. ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು: “ಎಂಟು ದಿನ ನಿಮ್ಮ ಚರ್ಮ ಸುಲಿಯುವಂತೆ ಹೊಡೆದವನನ್ನು ಬಿಟ್ಟುಬಿಡಬೇಕೆ?”

‘ಹೈಡ್’ ಎಂದರೆ ತೊಗಲೂ ಹೌದೆಂದು ತಿಳಿದದ್ದು ಆಮೇಲೆ. ಬಚ್ಚಿಟ್ಟರೆ ‘ಹಿಡ್’, ತೊಗಲು ಸುಲಿಯುವಂತೆ ಬಾರಿಸಿದರೆ ‘ಹೈಡೆಡ್’. ಕಾಪಾಡಿದವರ ಕೈಗೆ ನಾನೇ ಚಾಟಿ ಕೊಟ್ಟಿದ್ದೆ. ಆ ಗಳಿಗೆಯಲ್ಲಿ ‘ನೋ ಸರ್, ನೋ ಸರ್’ ಬಿಟ್ಟರೆ ನನಗೆ ಬೇರೆ ಇಂಗ್ಲಿಷ್ ಹೊಳೆಯಲಿಲ್ಲ.

“ಏನಂದ್ರೋ?” ಎಂದಳು ಅವ್ವ. ಹೇಳಿದೆ. ಅವಳು ನನ್ನನ್ನೊಮ್ಮೆ ನೋಡಿ, ಸೆರಗು ಬಿಗಿದು, ನೆಟ್ಟಗೆ ಹೋಗಿ ಅಧಿಕಾರಿಯ ಮೇಜಿನ ಕೆಳಗೆ ಹೊಕ್ಕು ಕುಳಿತಳು. ಬಾಗಿಲ ಪಹರೆಯವನು ಓಡಿಬಂದ. ಅವ್ವ ಬಾಯಿ ಮೇಲೆ ಬೆರಳಿಟ್ಟು ತೋರಿಸಿ, ಅಲ್ಲಿಂದಲೇ, “ಖಾಸಿಂ ಸಾಬ್ರು ನಮಗ ಹಿಂಗ ಇಟ್ಟಿದ್ರರೀ! ತಾವು ಹಸ್ಕೊಂಡು ನಮಗ ರೊಟ್ಟಿ ಕೊಟ್ರು” ಎಂದಳು. ರೊಟ್ಟಿ ಮುರಿದು ಬಾಯಿಗಿಡುವುದನ್ನೂ ಅಭಿನಯಿಸಿದಳು.

ಅಧಿಕಾರಿ ಬಗ್ಗಿ ನೋಡಿದರು. ನಗಲಿಲ್ಲ. ಕೈ ಕೊಟ್ಟು ಅವಳನ್ನು ಎಬ್ಬಿಸಿ, ಕುರ್ಚಿಯಲ್ಲಿ ಕೂರಿಸಿ, ನನ್ನ ಅರ್ಜಿಯ ಬಾಲ ಕತ್ತರಿಸಿ ‘ಹಿಡ್’ ಎಂದು ತಿದ್ದಿದರು. ಊರಲ್ಲಿ ವಿಚಾರಣೆ ನಡೆಯಿತು. ಐದನೆಯ ದಿನ ಖಾಸಿಂ ಸಾಬರು ಮನೆಗೆ ಬಂದರು.

ಅಂದು ಮಧ್ಯಾಹ್ನ ಅವರು ನಮ್ಮ ಪಡಸಾಲೆಯಲ್ಲಿ ಕುಳಿತಿದ್ದಾಗ ತಲೆ ತಗ್ಗಿಸಿ ತಪ್ಪೊಪ್ಪಿಕೊಂಡೆ. ಅವರು ಹೇಳಿದರು: “ನಮ್ಮ ಉರ್ದುದಾಗ ಈ ಫಜೀತಿ ಏನ್ ಕಮ್ಮಿ ಅದನೋ? ಒಂದ ಅಕ್ಷರಕ್ಕ ಚುಕ್ಕಿ ಮ್ಯಾಲ ಇಟ್ರ ಖುದಾ. ಅದೇ ಚುಕ್ಕಿ ಕೆಳಗ ಬಿದ್ರ ಜುದಾ. ದೇವರು ಹೋಗಿ ಅಗಲಿಕಿ ಆಗ್ತದ. ಬರಿಯೋ ಕೈ ತಪ್ತದ ತಮ್ಮಾ. ಓದೋರು ಒಂದೀಟು ಬಗ್ಗಿ ನೋಡೋರಿರ್ಬೇಕು, ಅಷ್ಟೇ.”

ಒಳಗಿನಿಂದ ಅವ್ವ ಕೂಗಿದಳು: “ಇಬ್ರೂ ಸಾಲಿ ಆಮ್ಯಾಲ ನಡಸ್ರಿ. ರೊಟ್ಟಿ ಆರಾಕತ್ತಾವ.”