ಠಣ್ ಎನ್ನದ ಜೀಪು

ಒಂದು ವಸ್ತುವಿನ ಗಟ್ಟಿತನವನ್ನು ಕಾಲವೇ ಪರೀಕ್ಷಿಸಬೇಕೆಂದು ಹಿರಿಯರು ಹೇಳುತ್ತಾರೆ. ಮ್ಹೈಸಾಳದ ನಮ್ಮ ನೀರಾವರಿ ಸಹಕಾರಿ ಸಂಘದಲ್ಲಿ ಅಷ್ಟು ಕಾಯುವ ಪದ್ಧತಿ ಇರಲಿಲ್ಲ. ಅಧ್ಯಕ್ಷರು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದರು. ಅವರು ಸಾಂಗ್ಲಿ ಪೇಟೆಯ ಅರಿಶಿನ ವ್ಯಾಪಾರಿಗಳು. ಚೆನ್ನಾಗಿ ಒಣಗಿದ ಅರಿಶಿನದ ಕೊಂಬು ಬಡಿದರೆ ಠಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ.

ಸಂಘದ ಹಳೆಯ ಜೀಪಿಗೆ ನಾನು ಚಾಲಕ. ಹನ್ನೆರಡು ಮಳೆಗಾಲ ಎರೆಹೊಲದ ಕೆಸರು ತುಳಿದು ನದಿಯ ಪಂಪಿನವರೆಗೆ ಹೋಗಿಬಂದ ಗಾಡಿ ಅದು. ಒಂದು ದಿನ ಅಧ್ಯಕ್ಷರು ಅದರ ಮಡ್‌ಗಾರ್ಡನ್ನು ಬಡಿದರು. ದಬ್ ಎಂದಿತು.

"ಒಳಗ ಕೊಳತೈತಿ. ಗುಜರಿಗೆ ಹಾಕೂದ ಛಲೋ," ಎಂದರು.

"ಕಾಕಾ, ಇದು ಅರಿಶಿನ ಅಲ್ರಿ, ಜೀಪ ಐತಿ."

"ಸುಳ್ಳ ಮನಶ್ಯಾ ಹೇಳ್ತಾನ, ಸಪ್ಪಳ ಹೇಳೂದಿಲ್ಲ. ಸೋಮವಾರ ಸಭಾದಾಗ ಮಾರೂ ಠರಾವ ಮಾಡೂನು."

ನಾನು ಬಿಡುವವನಲ್ಲ. ಶನಿವಾರ ಉಳಿ, ಸುತ್ತಿಗೆ ಹಿಡಿದು ಜೀಪಿನಡಿ ಮಲಗಿದೆ. ಮಡ್‌ಗಾರ್ಡಿನ ಒಳಮೈಗೆ ಹನ್ನೆರಡು ವರ್ಷದ ಎರೆಮಣ್ಣು ಇಟ್ಟಿಗೆಯಂತೆ ಅಂಟಿತ್ತು. ತಗಡಿಗೆ ಏನೂ ಆಗಿರಲಿಲ್ಲ.

"ಹಾಸಿಗಿನೂ ಅಲ್ಲೇ ತಂದ ಹಾಸ್ಲೇನ್ರಿ?" ಎಂದು ಹೆಂಡತಿ ಕೇಳಿದಳು. ರೊಟ್ಟಿ ಸಾಕು ಎಂದೆ. ರವಿವಾರ ಸಂಜೆಯ ಹೊತ್ತಿಗೆ ಆರು ಬುಟ್ಟಿ ಮಣ್ಣು ಹೊರಬಿದ್ದಿತ್ತು.

ಸೋಮವಾರ ಸಭೆಗೆ ಮುಂಚೆ ಅಧ್ಯಕ್ಷರನ್ನು ಜೀಪಿನ ಹತ್ತಿರ ಕರೆತಂದೆ.

"ಇನ್ನೊಮ್ಮೆ ಬಡದ ನೋಡ್ರಿ, ಕಾಕಾ."

ಬಡಿದರು. ಠಣ್ ಎಂದಿತು. ಅವರು ನೊಂದ ಬೆರಳನ್ನು ತಿಕ್ಕಿಕೊಳ್ಳುತ್ತ, "ಈಗ ಒಣಗೇತಿ ನೋಡು," ಎಂದರು.

ಠರಾವು ಆಗಲಿಲ್ಲ. ಜೀಪು ಮತ್ತೆ ಒಂಬತ್ತು ವರ್ಷ ಓಡಿತು.