ಮೀನುಸಾರಿನ ಸಂವಿಧಾನ

ಅಬ್ದುಲ್ ಹಕೀಂ ಅನ್ನುವುದು ಪಾಸ್‌ಪೋರ್ಟಿನ ಹೆಸರು. ಕೊಲ್ಲಿ ದೇಶದ ಅದ್ಲಿಯಾದಲ್ಲಿ, ಹಳೇ ಕಟ್ಟಡದ ಮೂರನೇ ಮಹಡಿಯ ರೂಮಿನಲ್ಲಿ ಅವರು ಎಲ್ಲರಿಗೂ ಹಕೀಮಾಕ. ಬುದಯ್ಯ ಎಂಬ ಊರಿನ ತೋಟಗಳಿಂದ ಹೋಟೆಲುಗಳಿಗೆ ಸೊಪ್ಪು ಸಾಗಿಸುವ ವ್ಯಾನಿನ ಡ್ರೈವರ್. ರಸ್ತೆಯಲ್ಲಿ ಎಲ್ಲರ ಮಾತಿಗೂ ತಲೆಬಾಗುವ ಈ ಮನುಷ್ಯ ರೂಮಿನ ಹೊಸ್ತಿಲು ದಾಟಿದರೆ ಸುಲ್ತಾನ. ಶುಕ್ರವಾರದ ರಜೆಗೆ ಯಾವ ಮೀನು ಎಂದು ನಿರ್ಧರಿಸುವವರು ಅವರೇ, ಬೇಯಿಸುವವರು ಅವರೇ, ಸೌಟು ನೆಕ್ಕಿ ಫಸ್ಟ್ ಕ್ಲಾಸ್ ಎಂದು ತೀರ್ಪು ಕೊಡುವವರೂ ಅವರೇ. ಜೊತೆಗಿದ್ದ ಇಬ್ಬರು, ಹೋಟೆಲ್ ಸಪ್ಲಯರ್ ಲಾರೆನ್ಸ್ ಮತ್ತು ಎಸಿ ರಿಪೇರಿಯ ಚೆನ್ನಪ್ಪ, ಹನ್ನೊಂದು ವರ್ಷಗಳಿಂದ ತಲೆಯಾಡಿಸಿಯೇ ಉಂಡಿದ್ದರು.

ಉಪ್ಪಿನಂಗಡಿಯ ಮನೆಯನ್ನೂ ಹಕೀಮಾಕ ಹೀಗೆಯೇ ಫೋನಿನಲ್ಲಿ ಆಳುತ್ತಿದ್ದರು. ಗೋಡೆಗೆ ಯಾವ ಬಣ್ಣ, ಯಾವ ಆಡನ್ನು ಮಾರಬೇಕು, ಮಗಳು ಅಸ್ನಾ ಯಾವ ಕಾಲೇಜಿಗೆ ಹೋಗಬೇಕು, ಎಲ್ಲಕ್ಕೂ ಅಪ್ಪಣೆ ಅದ್ಲಿಯಾದಿಂದಲೇ. ಹೆಂಡತಿ ಸಫಿಯಾ ಹೂಂ ಅನ್ನುತ್ತಿದ್ದಳು. ೨೦೧೪ರ ಮಾರ್ಚಿನಲ್ಲಿ ಹೊಸದೊಂದು ಅಪ್ಪಣೆ ಹೊರಟಿತ್ತು: ಬಿ.ಎ. ಪರೀಕ್ಷೆ ಮುಗಿದೊಡನೆ ದಮ್ಮಾಮಿನ ಹುಡುಗನೊಂದಿಗೆ ಅಸ್ನಾಳ ನಿಖಾ. ಅವಳಿಗೋ ಮಂಗಳೂರಿನಲ್ಲಿ ಕಾನೂನು ಓದುವ ಆಸೆ. ಹುಡುಗನ ತಂದೆಗೆ ಮಾತು ಕೊಡಲು ಒಂದೇ ವಾರ ಉಳಿದಿತ್ತು.

ಆ ಶುಕ್ರವಾರ ಚೆನ್ನಪ್ಪನಿಗೆ ಏನು ಬಡಿದಿತ್ತೋ, ಮೊದಲ ತುತ್ತಿಗೇ ಹುಳಿ ಜಾಸ್ತಿಯಾಯಿತು ಎಂದುಬಿಟ್ಟ. ಹಕೀಮಾಕ ನೆಕ್ಕಿ ನೋಡಿ ಇಲ್ಲವೆಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಪಕ್ಕದಲ್ಲಿ ಫೋನಿನ ಸ್ಪೀಕರಿನಿಂದ ಅಸ್ನಾ ಪರೀಕ್ಷೆಯ ಪಾಠ ಒಪ್ಪಿಸುತ್ತಿದ್ದಳು. ಮಗಳ ಪಾಠ ಕೇಳುತ್ತ ಉಣ್ಣುವುದು ಅವರ ಶುಕ್ರವಾರದ ಸುಖ. ಅಂದಿನ ಪಾಠದ ಪ್ರಕಾರ, ಮುನ್ನೂರು ವರ್ಷಗಳ ಹಿಂದೆ ಯುರೋಪಿನ ಕೆಲವು ತಲೆಹರಟೆಗಳು ಕೂತು ಯೋಚಿಸಿದರಂತೆ: ರಾಜನಿಗೆ ದೇವರೇನೂ ಪಟ್ಟಾ ಬರೆದುಕೊಟ್ಟಿಲ್ಲ, ಜನ ಒಪ್ಪಿದರಷ್ಟೇ ಸರಕಾರ. ಕಾನೂನು ಮಾಡುವವನೇ ಅದನ್ನು ಜಾರಿ ಮಾಡಬಾರದು, ಜಾರಿ ಮಾಡುವವನೇ ತೀರ್ಪು ಕೊಡಬಾರದು. ಅಮೆರಿಕದವರು ಅದನ್ನೇ ಬುನಾದಿಗೆ ಹಾಕಿ ದೇಶ ಕಟ್ಟಿದರು, ನಮ್ಮ ಸಂವಿಧಾನಕ್ಕೂ ಅಲ್ಲಿಂದ ಕೆಲವು ಕಲ್ಲು ಬಂದವು.

ಚೆನ್ನಪ್ಪ ಉಣ್ಣುವುದನ್ನು ನಿಲ್ಲಿಸಿ ಹಕೀಮಾಕನ ಮುಖ ನೋಡಿದ.

ಮಗಳ ಪುಸ್ತಕವನ್ನು ಸುಳ್ಳೆನ್ನಲು ತಂದೆಯ ಅಭಿಮಾನ ಬಿಡಲಿಲ್ಲ. ಮುಂದಿನ ವಾರದಿಂದ ಅಧಿಕಾರ ಮೂರು ಪಾಲು ಎಂದು ಹಕೀಮಾಕ ಸಾರಿದರು. ಲಾರೆನ್ಸ್ ಕಾನೂನು ಬರೆಯಬೇಕು, ಚೆನ್ನಪ್ಪ ಬೇಯಿಸಬೇಕು. ತೀರ್ಪನ್ನು ಮಾತ್ರ ತಾವೇ ಇಟ್ಟುಕೊಂಡರು. ನ್ಯಾಯಾಧೀಶರ ಮೇಲೆ ಯಾರ ಪ್ರಭಾವವೂ ಬೀಳಬಾರದೆಂದು ಮಂಚಕ್ಕೆ ಲುಂಗಿಯ ಪರದೆ ಕಟ್ಟಿ ಒಳಗೆ ಕೂತರು. ಇಡೀ ವಾರ, ಕೆಲಸದಿಂದ ಬಂದು ಪರದೆಯೊಳಗೆ ಸೇರಿದ ಅವರಿಗೆ ಚಹಾ ಬೇಕೇ ಎಂದು ಕೇಳಲು ಕೂಡ ಅರ್ಜಿ ಬರೆದು ಪರದೆಯ ಕೆಳಗೆ ತೂರಿಸಬೇಕಾಯಿತು.

ಲಾರೆನ್ಸ್ ಎರಡು ಪುಟ ಕಾನೂನು ಬರೆದ. ಶೇರಿ ಮೀನು, ನಿಂಬೆಗಾತ್ರದ ಹುಣಸೆ, ಇದೇ ಒಲೆಯಲ್ಲಿ ಇದೇ ಸಿಲಿಂಡರಿನಿಂದ ಇಪ್ಪತ್ತು ನಿಮಿಷ ಬೆಂಕಿ. ಶುಕ್ರವಾರ ಮಧ್ಯಾಹ್ನ, ಹುಣಸೆ ನೀರು ಹಾಕುವ ಮೊದಲೇ, ಎಂಟನೇ ನಿಮಿಷಕ್ಕೆ ಸಿಲಿಂಡರ್ ಖಾಲಿಯಾಯಿತು. ಕೆಳಗಿನ ರೂಮಿನಲ್ಲಿ ಇನ್ನೊಂದಿತ್ತು, ಆದರೆ ಅದನ್ನು ತರುವುದು ಕಾನೂನಿಗೆ ವಿರುದ್ಧ. ತಿದ್ದುಪಡಿ ಮಾಡು ಎಂದರೆ, ಅದಕ್ಕೆ ಒಂದು ದಿನದ ನೋಟೀಸು ಬೇಕು ಎಂದ ಲಾರೆನ್ಸ್. ಚೆನ್ನಪ್ಪ ಅರೆಬೆಂದ ಮೀನಿನ ಮುಂದೆ ಸೌಟು ಹಿಡಿದು ನಿಂತ. ದೂರು ಬಂದರಷ್ಟೇ ನ್ಯಾಯಾಧೀಶ ಬಾಯಿ ಬಿಡಬಹುದು. ಎಲ್ಲರಿಗಿಂತ ಹೆಚ್ಚು ಹಸಿದವರು ಹಕೀಮಾಕ, ಆದರೆ ತಮ್ಮ ದೂರನ್ನು ತಾವೇ ವಿಚಾರಿಸುವುದು ಹೇಗೆ? ಮೂವರು ಬುದ್ಧಿವಂತರು ಎರಡು ಗಂಟೆ ಹಾಗೆಯೇ ಕೂತರು.

ಆಗ ಅಸ್ನಾಳ ಫೋನ್ ಬಂತು. ಲಾರೆನ್ಸ್ ನಡೆದದ್ದನ್ನು ವರದಿ ಒಪ್ಪಿಸಿದ. ಅವಳು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ಬಾಪಾ, ರೂಮಿನಲ್ಲಿ ಮೂರು ಪಾಲು ಮಾಡಿದ್ದೀರಿ. ಮನೆಯಲ್ಲಿ ಮೂರೂ ನಿಮ್ಮದೇ ಅಲ್ವಾ?"

ಮನೆಯ ಸಂಗತಿ ಬೇರೆ ಎಂದರು ಹಕೀಮಾಕ ಪರದೆಯೊಳಗಿಂದ.

"ಸರಿ, ನನ್ನ ಪುಸ್ತಕ ಬೇಡ. ನಿಖಾಕ್ಕೆ ಮುಂಚೆ ಹುಡುಗಿಯ ಒಪ್ಪಿಗೆ ಕೇಳ್ಬೇಕು ಅಂತ ಸಣ್ಣವಳಿರುವಾಗ ನೀವೇ ಹೇಳಿಕೊಟ್ಟದ್ದು. ನನ್ನ ಹತ್ರ ಯಾರು ಕೇಳಿದ್ದು?"

ಪರದೆ ಸರಿಯಿತು. ಹಕೀಮಾಕನ ಮುಖದಲ್ಲಿ ಹಸಿವಿಗಿಂತ ದೊಡ್ಡ ಸಂಕಟ ಕಾಣುತ್ತಿತ್ತು. ಸಂಜೆ ದಮ್ಮಾಮಿಗೆ ಮಾತು ಕೊಡಬೇಕು. ಮಗಳು ಕೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಲಾರೆನ್ಸ್, ಚೆನ್ನಪ್ಪ ಇಬ್ಬರೂ ನ್ಯಾಯಾಧೀಶರನ್ನೇ ನೋಡುತ್ತಿದ್ದರು.

"ಈ ಕೇಸು ನಾನು ನೋಡುವ ಹಾಗಿಲ್ಲ," ಎಂದರು ಕೊನೆಗೆ. "ನಿನಗೆ ಏನು ಬೇಕೂಂತ ಗೊತ್ತಾಯ್ತು. ಉಮ್ಮನಿಗೆ ಫೋನ್ ಕೊಡು."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಿನ್ನ ಅಭಿಪ್ರಾಯವೇನು ಎಂದು ಸಫಿಯಾಳನ್ನು ಅವರು ಕೇಳಿದ್ದು ಅದೇ ಮೊದಲು. ಲೈನ್ ಕಟ್ಟಾಯಿತೆಂದು ಚೆನ್ನಪ್ಪ ಫೋನ್ ಬಗ್ಗಿ ನೋಡಿದ.

"ಹುಡುಗಿ ಓದಲಿ," ಎಂದಳು ಸಫಿಯಾ. "ಮತ್ತೆ, ಕೇಳಿದ್ರಲ್ಲ ಅಂತ ಹೇಳ್ತೇನೆ. ನಿಮ್ಮ ಮೀನುಸಾರಿಗೆ ಮೊದಲಿಂದಲೂ ಹುಳಿ ಜಾಸ್ತಿ."

ನಗುವ ಧೈರ್ಯ ಯಾರಿಗೂ ಬರಲಿಲ್ಲ. ಹಕೀಮಾಕ ದಮ್ಮಾಮಿಗೆ ಫೋನ್ ಮಾಡಿ, ಮಗಳು ಒಪ್ಪಿಲ್ಲ, ಕ್ಷಮಿಸಿ ಎಂದರು. ಲುಂಗಿಯ ಪರದೆ ಬಿಚ್ಚಿ ಉಟ್ಟುಕೊಂಡು, ಯಾವ ಕಾನೂನನ್ನೂ ಕೇಳದೆ ಕೆಳಗಿನ ರೂಮಿನಿಂದ ಸಿಲಿಂಡರ್ ಹೊತ್ತು ತಂದರು. ಆಮೇಲೆ ಹುಣಸೆ ನೀರಿನ ಬಟ್ಟಲು ಹಿಡಿದು ಮತ್ತೆ ಮನೆಗೆ ಫೋನ್ ಹಚ್ಚಿ, ಎಷ್ಟು ಹಾಕಲಿ ಎಂದು ಸಫಿಯಾಳನ್ನು ಕೇಳಿದರು.