ಎಬ್ಬಿಸಿ ಕೂರಿಸಿದವರ ದಣಿವು

ಶಿರಸಿಯ ನಮ್ಮ ಮನೆಗೆ ಕಂಪ್ಯೂಟರ್ ಬಂದಾಗ ಅದರ ಜೊತೆ ಒಂದು ಬೇಸ್‌ಬಾಲ್ ಆಟದ ಸೀಡಿಯೂ ಬಂತು. ಅಂಗಡಿಯವರು ಪುಕ್ಕಟೆ ಕೊಟ್ಟಿದ್ದು. ಯಜಮಾನರಿಗೆ ಅದು ಬೇಡವಾಗಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮಗೆ ಅದರಂಥದ್ದೇ ಆಟವಾದ ಸಾಫ್ಟ್‌ಬಾಲ್ ಆಡಿಸುತ್ತಿದ್ದರು; ಆ ನೆನಪಿಗೆ ನಾನೇ ಹಾಕಿ ನೋಡಿದೆ. ಆಡುವವರು ಕಾಣುವುದೇ ಇಲ್ಲ. ಪರದೆಯ ತುಂಬ ಹೆಸರು, ಅಂಕಿ, ನಡೆದದ್ದರ ಒಂದೊಂದು ಸಾಲು ವಿವರ. ನಾವು ತಂಡದ ಮ್ಯಾನೇಜರ್. ಯಾರನ್ನು ಯಾವಾಗ ಕಳಿಸಬೇಕೆಂದು ಹೇಳುವುದಷ್ಟೇ ಕೆಲಸ.

ಮಧ್ಯಾಹ್ನ ಅಡುಗೆಮನೆ ಒರೆಸಿ ನಾನು ಆಡಲು ಕೂತರೆ ಮಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಳ್ಳುತ್ತಿದ್ದರು. ಸಿದ್ದಾಪುರದ ಕಡೆ ದೊಡ್ಡ ದೊಡ್ಡ ಊಟಗಳಿಗೆ ಅಡುಗೆ ಮಾಡಿದವರು ಅವರು. ಪಾರ್ಶ್ವವಾಯು ಬಡಿದು ಬಲಗೈ ನಡುಗತೊಡಗಿದ ಮೇಲೆ ಸೌಟು ಬಿಟ್ಟಿದ್ದರು. ಇಂಗ್ಲಿಷ್ ಬಾರದಿದ್ದರೂ ಆಟವನ್ನು ಬೇಗ ಹಿಡಿದರು. ಮೊದಲು ಚೆಂಡೆಸೆಯುವವ ಆರೇಳು ಇನ್ನಿಂಗ್ಸಿಗೆ ದಣಿಯುತ್ತಾನೆ. ಆಮೇಲೆ ಬದಲಿಯವರು ಬರುತ್ತಾರೆ. ಕೊನೆಯದಾದ ಒಂಬತ್ತನೆಯದಕ್ಕೆ, ಗೆಲುವು ಕೂದಲೆಳೆಯಲ್ಲಿರುವಾಗ, ಕ್ಲೋಸರ್ ಎಂಬ ಒಬ್ಬ. ಮೂರು ಜನರನ್ನು ಔಟ್ ಮಾಡಿ ಆಟ ಮುಗಿಸುವುದು ಅವನ ಕೆಲಸ.

"ಕಡೆಗೆ ಬಂದು ಒಲೆ ಮೇಲಿನ ಪಾಯ್ಸ ಇಳಸಂವ ಹೇಳು," ಅಂದರು ಮಾವ.

ಬದಲಿಯವರನ್ನು ಕಳಿಸುವ ಮೊದಲು ಮೈದಾನದ ಅಂಚಿನಲ್ಲಿ ಎಬ್ಬಿಸಿ ನಿಲ್ಲಿಸಿ, ನಾಲ್ಕು ಚೆಂಡು ಎಸೆಸಿ ಕೈ ಪಳಗಿಸಬೇಕು. ನಾನು ತಪ್ಪಿದ್ದು ಅಲ್ಲೇ. ಎಬ್ಬಿಸಿದವನಿಗೆ ಮತ್ತೆ ಕೂರು ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಮಾವನದೂ ಅದೇ ಮಾತು: "ಕರೆಸಿದ್ ಮೇಲೆ ಸೌಟು ಕೊಡದ್ದೇ ಕಳ್ಸಲಾಗ, ತಂಗಿ. ಅವಂಗೂ ಮರ್ಯಾದೆ ಇರ್ತಲೆ." ಹಾಗಾಗಿ ಚೆನ್ನಾಗಿ ಎಸೆಯುತ್ತಿದ್ದವನನ್ನೂ ಹೊರಗೆ ಕರೆದು, ಎಬ್ಬಿಸಿದವರಿಗೆಲ್ಲ ಸರದಿ ಕೊಟ್ಟೆ. ಒಮ್ಮೆ ಹೊರಬಂದವನು ಆ ಪಂದ್ಯದಲ್ಲಿ ಮತ್ತೆ ಇಳಿಯುವಂತಿಲ್ಲ. ಎಂಟನೆಯ ಇನ್ನಿಂಗ್ಸಿಗೆ ಬರುವಷ್ಟರಲ್ಲಿ ಕಳಿಸಲು ಯಾರೂ ಉಳಿದಿರುತ್ತಿರಲಿಲ್ಲ. ಸೋಲುತ್ತಿದ್ದೆ.

ಸೋತು ಸೋತು ಮನಸ್ಸು ಗಟ್ಟಿ ಮಾಡಿದೆ. ಕ್ಲೋಸರನನ್ನು ಎಬ್ಬಿಸಿದೆ, ಬೇಡವೆನಿಸಿ ಕೂರಿಸಿದೆ. ಸತತ ಮೂರು ಪಂದ್ಯಗಳಲ್ಲಿ ಹೀಗೇ ಮಾಡಿದೆ. ನಾಲ್ಕನೆಯದರಲ್ಲಿ ನಿಜವಾಗಿ ಬೇಕಾದಾಗ ನೋಡಿದರೆ ಅವನ ಹೆಸರಿನ ಮುಂದೆ 'ದಣಿದಿದ್ದಾನೆ' ಎಂದಿತ್ತು.

"ಅಂವ ಆಡಿದ್ದೇ ಇಲ್ಲೆ! ಸುಸ್ತು ಎಂತಕ್ಕೆ?" ಮಾವ ಕೇಳಿದರು.

ಆಟದೊಳಗಿನ ಸಹಾಯದ ಪುಟ ತೆರೆದು ಓದಿ ಹೇಳಿದೆ. ಎಬ್ಬಿಸಿ ಕೈ ಪಳಗಿಸಿದರೆ, ಕಳಿಸದಿದ್ದರೂ ಅವನು ದಣಿಯುತ್ತಾನಂತೆ.

ಮಾವ ನಗುತ್ತಾರೆ ಅಂದುಕೊಂಡಿದ್ದೆ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು. "ಅದು ಖರೆ," ಅಂದು ಎದ್ದು ಒಳಗೆ ಹೋದರು.

ಆಗ ನನಗೆ ಒಂದೊಂದೇ ನೆನಪಾಯಿತು. ಸೌಟು ಬಿಟ್ಟ ಮೇಲೂ ಯಾರ ಮನೆಯ ಕಾರ್ಯವಾದರೂ ಮಾವನನ್ನು ಗೌರವದಿಂದ ಕರೆದು ಒಲೆಯ ಹತ್ತಿರ ಕುರ್ಚಿ ಹಾಕಿಸುತ್ತಿದ್ದರು. ಇವರು ಹೆಗಲಿಗೆ ಪಂಚೆ ಹಾಕಿಕೊಂಡು, ಒಗ್ಗರಣೆಯ ಸದ್ದು ಬದಲಾದಾಗೆಲ್ಲ ಏಳುವುದು, "ನೀವು ಕುಳ್ಳಿ ಮಾರಾಯ್ರೆ" ಅನ್ನಿಸಿಕೊಂಡು ಮತ್ತೆ ಕೂರುವುದು. ಮನೆಗೆ ಬಂದು ಎರಡು ದಿನ ಮಾತಿಲ್ಲದೆ ಮಲಗುತ್ತಿದ್ದರು. ವಯಸ್ಸಾಯಿತು ಅಂತ ನಾವು ಅಂದುಕೊಂಡಿದ್ದೆವು.

ಅದೇ ತಿಂಗಳು ಯಲ್ಲಾಪುರದ ಹತ್ತಿರ ನಂದೊಳ್ಳಿಯಲ್ಲಿ ನಾದಿನಿಯ ಮಗನ ಉಪನಯನ. "ಅಪ್ಪಯ್ಯ ಬಂದು ಕುಂತಗಂಡ್ರೆ ಸಾಕು," ಎಂದು ಫೋನ್ ಬಂತು.

"ಆನು ಬತ್ನಿಲ್ಲೆ. ಸುಸ್ತು," ಅಂದುಬಿಟ್ಟರು ಮಾವ.

ಮೊಮ್ಮಗನ ಉಪನಯನಕ್ಕೆ ಅಜ್ಜನೇ ಇಲ್ಲವೆಂದರೆ? ನಾದಿನಿ ಫೋನಿನಲ್ಲೇ ಅತ್ತಳು. ಮಾವ ಎದ್ದು ಹೋದ ಮೇಲೆ ನಾನು ಫೋನ್ ತೆಗೆದುಕೊಂಡೆ. ಇಂಥ ವಿಷಯದಲ್ಲಿ ನಾನು ಬಾಯಿ ಹಾಕಿದವಳೇ ಅಲ್ಲ.

"ಅಪ್ಪಯ್ಯಂಗೆ ಒಂದು ಕೆಲಸ ಕೊಡು. ಪಾಯ್ಸಕ್ಕೆ ಕಡೇ ಕಾಯಿಹಾಲು ಹೊಯ್ದು ಇಳಸದು."

"ಕೈ ನಡುಗ್ತಲೆ ಅತ್ತಿಗೆ, ಬಿಸಿದು ಮೈಮೇಲೆ ಬಿದ್ರೆ?"

"ಪಾತ್ರೆ ಬೇರೆಯವ್ರು ಎತ್ಲಿ. ಯಾವಾಗ ಇಳಸದು ಹೇಳದು ಮಾತ್ರ ಅವ್ರಿಗೆ ಬಿಡು."

"ಪಾಯ್ಸ ಒಡೆದ್ರೆ?"

"ಒಡೆದ್ರೆ ಒಡೀಲಿ. ಬೇರೆಯವ್ರು ಮಾಡಿದಾಗ ಒಡದಿದ್ದೇ ಇಲ್ಯ?"

ಈ ಸುದ್ದಿಯನ್ನು ಮಾವನಿಗೆ ಹೇಳಿದೆ. ಸಂಜೆ ನೋಡಿದರೆ ಪಂಚೆ ಒಗೆದು ಹಾಕಿದ್ದರು.

ನಂದೊಳ್ಳಿಯಲ್ಲಿ ನಾನೊಂದು ಎಚ್ಚರಿಕೆ ವಹಿಸಿದೆ. ಹನ್ನೊಂದು ಗಂಟೆಯವರೆಗೆ ಅವರನ್ನು ಯಾರೂ ಒಲೆಯ ಹತ್ತಿರ ಕರೆಯಬಾರದೆಂದೆ. ಒಳಕೋಣೆಯಲ್ಲಿ ಮೊಮ್ಮಗನ ಬಟ್ಟೆಗಳ ನಡುವೆ ಅವರು ಆರಾಮಾಗಿ ಒರಗಿದ್ದರು. ಹೊತ್ತಾದಾಗ ನಾನೇ ಹೋಗಿ ಕರೆದೆ.

ಬೆಲ್ಲದ ಪಾಯಸಕ್ಕೆ ದಪ್ಪ ಕಾಯಿಹಾಲು ಹೊಯ್ದ ಮೇಲೆ ಒಂದು ಕುದಿ ಹೆಚ್ಚಾದರೂ ಒಡೆಯುತ್ತದೆ. ಆ ದಿನದ ಅಡುಗೆಯವರು ಹಿಂದೆ ಮಾವನ ಕೈಕೆಳಗೆ ದುಡಿದವರೇ. "ಅಣ್ಣ, ಹೊಯ್ಯಲಾ?" ಅಂದರು. ಮಾವ ಬಗ್ಗಿ ಹಬೆಯ ವಾಸನೆ ನೋಡಿದರು. ಎಡಗೈ ಮೇಲೆತ್ತಿದರು. "ಹೊಯ್ಯಿ... ತಿರುವು... ತಡಿ... ಇಳಸು!"

ಎರಡು ದೊಡ್ಡ ಪಾತ್ರೆ. ಎರಡನೆಯದು ಅಂಚಿನಲ್ಲಿ ಸ್ವಲ್ಪ ಒಡೆಯಿತು. ಅವರಿಗೆ ಗೊತ್ತಾಯಿತು, ನನಗೂ ಗೊತ್ತಾಯಿತು. ಪಂಕ್ತಿಯಲ್ಲಿ ಕೂತವರು ಮತ್ತೆ ಮತ್ತೆ ಹಾಕಿಸಿಕೊಂಡರು.

ಮಾರನೆಯ ದಿನ ಮಧ್ಯಾಹ್ನ ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಮಾವ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿ ಕೂತಾಗಿತ್ತು.

"ಎರಡನೇದು ಒಡತ್ತು," ಅಂದರು. "ನಿನ್ನ ಆಟದ ಕಡೇ ಅಂವಂಗೂ ಹಿಂಗೆ ಆಗ್ತ?"

"ಆಗ್ತು ಮಾವ. ಆದ್ರೂ ಮರುದಿನ ಅವನ್ನೇ ಕಳಸದು."

ಅವರು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. ಏಳನೆಯ ಇನ್ನಿಂಗ್ಸಿನಲ್ಲಿ ನಮ್ಮವರು ಒಂದೇ ರನ್ ಮುಂದಿದ್ದರು. ಅಭ್ಯಾಸಬಲದಿಂದ ನನ್ನ ಕೈ ಕ್ಲೋಸರನ ಹೆಸರಿನ ಕಡೆ ಹೋಯಿತು.

"ಈಗ್ಲೇ ಎಬ್ಸಡ, ತಂಗಿ," ಅಂದರು ಮಾವ.